ಹೊಲಿಗೆಯೊಳಗಿನ ಮರಳು

ಗುತ್ತಲು ರಸ್ತೆಯ ನನ್ನ ಅಂಗಡಿ ಮುಂದೆ
ಸೈಕಲ್ ಒರಗಿಸಿ ನಿಂತಳು,
ಹರಿದ ಚೀಲ ಎತ್ತಿ ತೋರಿಸುತ್ತ.
ಮನೆ ಬಿಟ್ಟು ನಾಕು ವರ್ಷವಂತೆ.

ಹಳೇ ದಾರ ಬಿಚ್ಚಿದೆ. ಮಡಿಕೆಯಿಂದ ಉದುರಿತು
ಒಂದು ಚಿಟಿಕೆ ಕೆಂಪು ಮರಳು,
ನಮ್ಮ ಹೊಳೇದಲ್ಲ.
ನನಗಿಂತ ಮುಂಚೆ ಮೂವರು ಹೊಲಿದಿದ್ದರು:
ಒಬ್ಬರದು ನೀಲಿ ದಾರ,
ಒಬ್ಬರದು ಮೀನುಬಲೆಯ ನೂಲು,
ಇನ್ನೊಬ್ಬರ ಕೈ ನನ್ನ ಹಾಗೇ,
ತಿರುವಿನಲ್ಲಿ ಎರಡು ಹೊಲಿಗೆ ಜಾಸ್ತಿ.

ದುಡ್ಡು ಬೇಡ ಅಂದೆ.
ಕಬ್ಬಿನ ಗಾಡಿಗಳ ನಡುವೆ
ಮದ್ದೂರಿನ ಕಡೆ ಸಣ್ಣಗಾದಳು.

"ಚಿಕ್ಕತಾಯಕ್ಕ, ರವಿಕೆ ಆಯ್ತಾ?"
ನಾಳೆ ಕಣವ್ವ.

ಮಂಗಳವಾರ ಅಂಗಡಿಗೆ ರಜ.
ಗುಂಡಿ ತರಲು ಮೈಸೂರಿಗೆ ಹೋದವಳು
ಬೋರ್ಡು ಓದದೆ ಇನ್ನೊಂದು ಬಸ್ಸು ಹತ್ತಿದೆ.
ಎಲ್ಲಿಗೆ, ಅಂದ ಕಂಡಕ್ಟರು.
ಚಿಲ್ಲರೆ ಎಣಿಸುತ್ತ ಕೇಳಿದೆ:
ಎಲ್ಲೀಗಂಟ ಹೋಯ್ತದಪ್ಪ ಇದು?