ಗಡ್ಡಕ್ಕೆ ಹತ್ತಿ

"ಎಷ್ಟ್ ಮಂದಿ ಬಂದಾರ್ರೀ ಮೇಡಂ?"
ಒಗ್ಗರಣೆಯ ಘಾಟಿನೊಳಗಿಂದ ಸುವಾರ್ತಮ್ಮ.
ಅಕ್ಕಿ ಅಳೆಯುವ ಡಬ್ಬಿ ಆಕೆಯ ಕೈಯಲ್ಲಿ,
ಲೆಕ್ಕ ನನ್ನ ಬಾಯಲ್ಲಿ.
ಮೂವತ್ತೊಂದು, ಅಂದೆ. ನಿನ್ನೆ ಮೂವತ್ತಾರಿತ್ತು.
ಡಿಸೆಂಬರಿನಲ್ಲಿ ನಮ್ಮ ಶಾಲೆ ಹೀಗೇ ಸೋರುತ್ತದೆ
ಹಳೆಯ ಕೊಡದ ಹಾಗೆ, ಸದ್ದಿಲ್ಲದೆ.

ಹತ್ತಿ ಒಡೆದಿದೆ. ಕವಿತಾಳದ ಕಡೆ, ಸಿರವಾರದ ಕಡೆ
ಕರಿ ಮಣ್ಣಿನ ಮೇಲೆ ಬಿಳಿ ಬಿಳಿ.
ಬೆಳಗಾದರೆ ಅಗಸಿಗೆ ಟಂಟಂ ಬರುತ್ತದೆ,
ಹಿಂದೆ ಜೋತುಬಿದ್ದು ಹೋಗುವವರಲ್ಲಿ
ನನ್ನ ನಾಲ್ಕನೇ ತರಗತಿ ಅರ್ಧ.
ಕಿಲೋಕ್ಕೆ ಇಷ್ಟು ಎಂದು ಕೂಲಿ.
ನಾನು ಕಲಿಸಿದ ಕೂಡುವ ಲೆಕ್ಕ
ಅಲ್ಲಿ ತಕ್ಕಡಿಯ ಮುಂದೆ ಉಪಯೋಗಕ್ಕೆ ಬರುತ್ತದಂತೆ;
ಹುಲಿಗೇಶನ ಅವ್ವ ಹೇಳಿದಳು,
"ನಮ್ಮ ಹುಡುಗ ತೂಕದವನ ತಪ್ಪ ಹಿಡಿದಾನ್ರಿ, ನೂರಾ ಹತ್ತರಾಗ."
ಬಯ್ಯಲು ಹೋದವಳು ಚಾ ಕುಡಿದು ಬಂದೆ.

ಇಪ್ಪತ್ಮೂರರ ಮಧ್ಯಾಹ್ನ ಎರಡನೇ ತರಗತಿಯ ಶಾಹೀನ್ ಕೇಳಿದ್ದು:
ಚಿತ್ರದಾಗ ಕೆಂಪಂಗಿ ತಾತ ಅದಾನಲ್ರಿ,
ನಮ್ಮ ಸಾಲಿಗೆ ಯಾಕ ಬರಂಗಿಲ್ಲ?
ಬಸ್ಸಿಲ್ಲ, ಅಂದೆ. ನಕ್ಕರು. ಬಿಡಲಿಲ್ಲ.
ಕೆಂಪು ಬಟ್ಟೆ ಸಿಕ್ಕಿತು: ಮುಖ್ಯಗುರುಗಳ ಮೇಜಿನ ಹೊದಿಕೆ,
ಶಾಯಿಯ ಕಲೆ ಒಳಕ್ಕೆ ಮಡಚಿ.
ಗಡ್ಡ?
ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಹತ್ತಿ ಮುಗಿದು
ಬರೀ ನೀಲಿ ಕಾಗದದ ಸುರುಳಿ, ಮೊಂಡು ಕತ್ತರಿ.
ಸುತ್ತ ಹತ್ತು ಹರದಾರಿ ಹತ್ತಿಯ ಸೀಮೆ,
ನಮ್ಮ ತಾತನ ಗಡ್ಡಕ್ಕೆ ಒಂದೆಳೆ ಇಲ್ಲ.

ಮರುದಿನ ಹುಲಿಗೇಶ ಬಂದ.
ಒಂಬತ್ತು ದಿನದ ಮೇಲೆ, ಪ್ರಾರ್ಥನೆ ಮುಗಿದ ಮೇಲೆ,
ಅಂಗಿಯನ್ನು ಎರಡೂ ಕೈಲಿ ಹೊಟ್ಟೆಗೆ ಒತ್ತಿ ಹಿಡಿದು.
ಹೊಟ್ಟೆನೋವೇನೋ, ಅಂದೆ. ಅಂಗಿ ಬಿಟ್ಟ.
ನೆಲದ ಮೇಲೆ, ಒಣ ಎಲೆಯ ಚೂರು, ಬೀಜ ಸಮೇತ,
ಒಂದು ಕುರಿಮರಿಯಷ್ಟು ಹತ್ತಿ.
"ತೂಕಕ್ಕ ಹಾಕಿಲ್ರಿ ಇದನ್ನ," ಅಂದ.
ಕಾಯಿಯ ಸಿಪ್ಪೆ ತರಚಿ ಬೆರಳ ತುದಿಯೆಲ್ಲ ಗೀರು;
ಪೆನ್ಸಿಲ್ ಹಿಡಿದರೆ ಉರಿದೀತೆಂದು
ಅವತ್ತು ಕಾಪಿ ಬರಿ ಅನ್ನಲಿಲ್ಲ.

ಬೀಜ ಬಿಡಿಸಿದ್ದು ಸುವಾರ್ತಮ್ಮ, ಅನ್ನ ಬಸಿಯುವ ನಡುವೆ.
ಅಂಟು, ಗಂಜಿಯದು.
ತಾತನಾದದ್ದೂ ಆಕೆಯೇ. ಗಂಡಸರೆಂದರೆ ಶಾಲೆಗೊಬ್ಬರು ಮುಖ್ಯಗುರುಗಳು,
ಅವರು ಮೀಟಿಂಗಿಗೆಂದು ಮಾನ್ವಿಗೆ.
ಹೆಗಲ ಮೇಲೆ ಅಕ್ಕಿಚೀಲ, ಚೀಲದಲ್ಲಿ ಅವತ್ತಿನ ಮೊಟ್ಟೆ
ಬೇಯಿಸಿದ್ದು, ಇನ್ನೂ ಬಿಸಿ.
ತಾಟಿಗೊಂದು, ಯಾವತ್ತೂ ಕೊಡುವ ಹಾಗೆಯೇ.
ಅವತ್ತು ಮಾತ್ರ ಎದ್ದು ನಿಂತು ತೆಗೆದುಕೊಂಡರು.
ಒಂದನೇ ತರಗತಿಯ ಒಬ್ಬಳು ಹೆದರಿ ಅತ್ತಳು.
ಅರ್ಧ ಗಡ್ಡ ಜಾರಿ ಸಾಂಬಾರಿನ ಬಕೀಟಿಗೆ ಬಿತ್ತು.
"ನಮ್ಮ ಚರ್ಚಿನಾಗೂ ಇಂಥಾ ತಾತ ಬಂದಿಲ್ರಿ,"
ಉಳಿದರ್ಧವನ್ನು ಒತ್ತಿಕೊಳ್ಳುತ್ತ ಆಕೆ.
ರಾತ್ರಿಯೆಲ್ಲ ಕರ್ಜಿಕಾಯಿ ಕರಿಯಬೇಕು, ರಜೆ ಒಂದೇ ದಿನ.

ಇಪ್ಪತ್ತಾರರ ಬೆಳಿಗ್ಗೆ ಚಳಿ. ಬಸ್ಸಿನ ಗಾಜು ಸರಿಯದು.
ಎದುರಿಗೆ ಟಂಟಂ. ದಾಟುವ ಒಂದು ಗಳಿಗೆಯಲ್ಲಿ
ಹಿಂದೆ ನೇತಾಡುತ್ತಿದ್ದವನೊಬ್ಬ ನನ್ನ ಕಂಡು
ಒಂದು ಹಿಡಿ ಹತ್ತಿ ಗದ್ದಕ್ಕೆ ಒತ್ತಿಕೊಂಡ.
ಎರಡೂ ಕೈಲಿ ಹಿಡ್ಕೊಳೋ, ಎಂದು ಕೂಗಿದೆ.
ಧೂಳಿಗೆ ಕೇಳಿಸಿತೋ ಏನೋ.

ಸುವಾರ್ತಮ್ಮ ಸ್ಟೀಲ್ ಡಬ್ಬಿ ತಂದಿದ್ದಳು.
ಎಷ್ಟ್ ಮಂದಿ? ಇಪ್ಪತ್ತೊಂಬತ್ತು.
ಹಂಚಿದ ಮೇಲೆ ಒಂದು ಮಿಕ್ಕಿತು.
ಸಂಜೆಯ ಗಂಟೆ ಹೊಡೆಯುವವರೆಗೂ ಮುಚ್ಚಿಟ್ಟೆವು,
ಗೇಟಿನ ಕಡೆ ನೋಡಿದೆವು, ನೋಡದವರ ಹಾಗೆ.
ಆಮೇಲೆ ಮುರಿದು ಅರ್ಧರ್ಧ ತಿಂದೆವು.
ಒಳಗೆ ಕೊಬ್ಬರಿ, ಗಸಗಸೆ;
ಬೆಲ್ಲ ಒಂಚೂರು ಕಡಿಮೆಯಾಗಿತ್ತು.