ಎಂಟು ಜನರ ಕುಣಿತ

ವಿರಾಜಪೇಟೆ, ಗಡಿಯಾರ ಕಂಬದ ಹಿಂದೆ ನನ್ನ ಅಂಗಡಿ.
ಹಾರ್ಮೋನಿಯಂ ರಿಪೇರಿ. ಕೊಡೆಯನ್ನೂ ಹೊಲಿಯುತ್ತೇನೆ.

ಚೋಂದಮ್ಮ ತಂದಿಟ್ಟದ್ದು ಅಕಾರ್ಡಿಯನ್:
ಸ್ಕಾಟ್ಲೆಂಡಿನ ದೊರೆ ತೋಟ ಮಾರಿ ಹೊರಟಾಗ
ಕಾಂಪೌಂಡರ್ ಮಗಳಿಗೆ ಬಿಟ್ಟುಹೋದದ್ದು.
ತಿದಿಯ ಮಡಿಕೆಯಲ್ಲಿ ಇಲಿ ಸಂಸಾರ ಹೂಡಿತ್ತು,
ಒಂದು ಕಾಫಿಬೀಜವೂ ಸಿಕ್ಕಿತು, ಹಸಿರು ಹೋಗಿ ಬಿಳಿಚಿದ್ದು.

ಕೊಡೆಬಟ್ಟೆಯ ತೇಪೆ ಹಾಕಿ ಎಳೆದೆ.
ಮೊದಲು ಕೆಮ್ಮು, ಆಮೇಲೆ ಸ್ವರ.
ಆಕೆ ಗುನುಗಿದ ಹಾಗೆ ಬೆರಳಿಟ್ಟೆ —
ಅರೆ, ಇದು ನಮ್ಮ ಮದುವೆಮನೆ ವಾಲಗದ ನಡೆಯೇ!
ಪರೆಯಿಲ್ಲ, ಕೊಂಬಿಲ್ಲ, ಅಷ್ಟೆ.

"ನಿಧಾನವಾಯ್ತು" ಎಂದು ಬೈದು, ಚಪ್ಪಲಿ ಕಳಚಿ,
ಸ್ಟೂಲು ಸರಿಸಿ ನಿಂತಳು ಎಂಬತ್ತೆರಡರ ಚೋಂದಮ್ಮ.
"ಇದಕ್ಕೆ ಎಂಟು ಜನ ಬೇಕು ಮಾರಾಯ."

ಒಬ್ಬಳೇ ಕುಣಿದಳು. ಲೆಕ್ಕ ತಪ್ಪಲಿಲ್ಲ:
ಬಲಗೈ ಚಾಚಿ,
ಹಿಡಿಯಬೇಕಾದವರು ಹಿಡಿಯುವಷ್ಟು ಹೊತ್ತು ಕಾದು,
ಸುತ್ತಿ, ಎಡಗೈ ಚಾಚಿ, ಮತ್ತೆ ಕಾದು,
ಯಾರಿಗೋ ದಾರಿ ಬಿಟ್ಟು, ಯಾರಿಗೋ ನಕ್ಕು.

ನಾನು ಆ ದೇಶ ಕಂಡವನಲ್ಲ,
ಆ ಕ್ಲಬ್ಬಿನ ಮರದ ನೆಲ ತುಳಿದವನಲ್ಲ.
ಆದರೂ ತಿದಿ ಮುಚ್ಚಲು ಮನಸ್ಸಾಗಲಿಲ್ಲ.
ಅಂಗಡಿ ಸಣ್ಣದು;
ಗೋಡೆಗೆ ಒತ್ತಿ ನಿಂತು ನುಡಿಸಿದೆ,
ಅವರಿಗೆಲ್ಲ ಜಾಗವಾಗಲಿ ಎಂದು.