ಎಂಟನೇ ಶೆಡ್ಡಿನ ಪುಸ್ತಕ

ಹೊಸೂರು ದಾಟಿ ತಳಿ ರಸ್ತೆಗೆ ಹೊರಳಿದರೆ
ಪ್ಲಾಸ್ಟಿಕ್ ಹೊದ್ದ ಗುಲಾಬಿ ಶೆಡ್ಡುಗಳು.
ಎಂಟನೆಯದರಲ್ಲಿ ಹನ್ನೊಂದು ವರ್ಷ
ನಾನು ಬರೀ ಕೈಯಾಗಿದ್ದೆ.
ಗಂಟೆಗೆ ಮುನ್ನೂರು ಕಡ್ಡಿ.
ಮೊಗ್ಗು ಬಾಯಿ ಬಿಡುವ ಮುಂಚೆ
ಐದೆಲೆಯ ಗೆಣ್ಣಿನ ಮೇಲೆ, ಓರೆಯಾಗಿ, ಚಕ್.
ಲೆಕ್ಕ ಬರೆಯುವವರು ಬರೆದುಕೊಂಡರು;
ನಾನು ತಲೆ ಎತ್ತಿದ್ದಿಲ್ಲ.

ಪ್ರೇಮಿಗಳ ದಿನದ ಆರ್ಡರು ಮುಗಿದ ಸೋಮವಾರ
ಕತ್ತರಿ ವಾಪಸು ಇಸಕೊಂಡು
ಪುಸ್ತಕ ಕೊಟ್ಟರು, ನೀಲಿ ಕೋಟು ಕೊಟ್ಟರು,
ಹದಿನಾಲ್ಕು ಜನರನ್ನು ಕೊಟ್ಟರು.
ಸಂಬಳ ಎರಡೂವರೆ ಸಾವಿರ ಹೆಚ್ಚು.

ಪಾಪಮ್ಮ, ನಾನು ಒಂದೇ ದಿನ ಸೇರಿದವರು,
ಒಂದೇ ಡಬ್ಬಿಯ ಮುದ್ದೆ ಮುರಿದವರು.
ಮೊನ್ನೆವರೆಗೆ "ಬಾ" ಅಂತಿದ್ದವಳು
ಮಂಗಳವಾರ ಎದ್ದು ನಿಂತು "ಬನ್ನಿ" ಅಂದಳು.
ಒಂದಕ್ಷರ ಹೆಚ್ಚಾದದ್ದಕ್ಕೆ
ಅಷ್ಟು ದೂರ.
ಊಟಕ್ಕೆ ಕೂತೆ. ಸುತ್ತಲಿನ ಮಾತು
ತಮಿಳಿಗೆ ಹೊರಳಿತು, ತೆಲುಗಿಗೆ ಹೊರಳಿತು,
ಮೂರೂ ನನಗೆ ಬರುತ್ತದೆಂದು ನೆನಪಾಗಿ
ನಿಂತೇ ಹೋಯಿತು.

ಸೆಲ್ವರಾಣಿ ಹೊಸಬಳು, ಅಂಚೆಟ್ಟಿ ಕಡೆಯವಳು.
ಗಂಟೆಗೆ ನೂರಿಪ್ಪತ್ತು ದಾಟುವುದಿಲ್ಲ,
ಕಡ್ಡಿಯ ತುದಿ ಜಜ್ಜಿರುತ್ತದೆ.
ತಡೆಯಲಾರದೆ ಕತ್ತರಿ ಕಸಿದೆ,
ಅವಳ ಸಾಲು ನಾನೇ ಮುಗಿಸಿದೆ.
ಆಹಾ, ಆ ಚಕ್ ಚಕ್! ಕೈಗೆ ಜೀವ ಬಂತು.
ತಿರುಗಿದರೆ, ಅವಳು
ಎರಡೂ ಕೈ ದುಪಟ್ಟಾದೊಳಗಿಟ್ಟು ನಿಂತಿದ್ದಾಳೆ.
ಉಳಿದ ಹದಿಮೂರು ಸಾಲಿನಲ್ಲಿ
ಯಾರು ಏನು ಮಾಡಿದರೋ, ಪುಸ್ತಕದಲ್ಲಿಲ್ಲ.

"ಏಯ್" ಎಂದಳು ಪಾಪಮ್ಮ, ಬಕೆಟ್ಟುಗಳಾಚೆಯಿಂದ,
"ಅವಳ ಅನ್ನಕ್ಕೂ ನೀನೇ ಬಾಯಿ ಹಾಕ್ತೀಯೇನೇ?
ಕೈ ನೋಡು ಮೊದಲು, ಆ ಹುಡುಗಿದು."

ನೋಡಿದೆ. ಬೊಬ್ಬೆಯೆಲ್ಲ ಎಡಗೈಯಲ್ಲಿ.
ಎಡಚಿ.
ನಾವು ಕೊಟ್ಟದ್ದು ಬಲಗೈಯವರ ಕತ್ತರಿ.
ಮೂರು ವಾರ. ಅವಳು ಹೇಳಲಿಲ್ಲ,
ಕೇಳಿದವರೂ ಇರಲಿಲ್ಲ. ಪಕ್ಕದ ಸಾಲಿನಲ್ಲೇ
ಎರಡು ವಾರ ನಾನೂ ಇದ್ದೆ
ಮುನ್ನೂರರ ಗುಂಗಿನಲ್ಲಿ.

ಎಡಗೈ ಕತ್ತರಿಗೆ ಪುಸ್ತಕದಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ, ಕೆಳಗೆ ಹೆಸರು ಹಾಕಿದೆ.
ಸ್ಟೋರಿನವನು ನಕ್ಕ: ಕೇಳಿ ನೋಡೋಣ, ಮೇಡಂ.

ಸಂಜೆ ಕಂಪನಿ ವ್ಯಾನಿನಲ್ಲಿ
ಪಾಪಮ್ಮ ಜಾಗ ಬಿಟ್ಟಳು, ಮತ್ತೆ "ಬನ್ನಿ".
ಇರಲಿ. ಒಂದು ಸಲವಾದರೂ ಬೈದಳಲ್ಲ.
ಬಲಗೈ ಮಡಿಲಲ್ಲಿ ಮಲಗಿದೆ.
ಹೆಬ್ಬೆರಳು ಮಾತ್ರ ಈಗಲೂ
ಏನನ್ನೋ ಕತ್ತರಿಸುತ್ತಿದೆ, ತನ್ನಷ್ಟಕ್ಕೆ.